ದುಭಾಷಿಯ ತಪ್ಪು

ಲೀಡ್ಸ್ ಊರಿನ ಉದ್ಯೋಗ ನ್ಯಾಯಮಂಡಳಿ, ಮೂರನೇ ಕೋಣೆ.
ನನ್ನ ಕೆಲಸ ಇಷ್ಟೇ: ಬೆರಿಲ್ ಹೋಲ್ರಾಯ್ಡ್
ಕೈಯಲ್ಲಿ ಆಡಿದ್ದನ್ನು ನಾನು ಬಾಯಲ್ಲಿ ಆಡುವುದು.
ಆಕೆ ಎದೆ ಮುಟ್ಟಿಕೊಂಡರೆ
ನಾನು 'ನಾನು' ಎನ್ನಬೇಕು, 'ಆಕೆ' ಎನ್ನಕೂಡದು.
ದಿನಕ್ಕೆ ಆರು ಗಂಟೆ, ಬಾಡಿಗೆಗೆ ಕೊಟ್ಟ ಗಂಟಲು.

ಹ್ಯಾಲಿಫ್ಯಾಕ್ಸಿನ ಬಿಸ್ಕತ್ತು ಕಾರ್ಖಾನೆ.
ಇಪ್ಪತ್ತೆರಡು ವರ್ಷ ಶುಂಠಿ ಬಿಸ್ಕತ್ತಿನ ಸಾಲಿಗೆ ನಿಂತವಳು.
ಮುರಿದದ್ದನ್ನು ಕಣ್ಣಲ್ಲೇ ಹಿಡಿದು ಬದಿಗೆ ಸರಿಸುವುದರಲ್ಲಿ
ಇವಳ ಸಮ ಇನ್ನೊಬ್ಬರಿಲ್ಲ—
ಇದು ಅವರೇ ಬರೆದ ವರದಿ, ಪುಟ ನಲವತ್ತೊಂದು.
ಆಮೇಲೆ ಹೊಸ ಫೋರ್ಕ್‌ಲಿಫ್ಟ್ ಬಂತು,
ಹಿಂದೆ ಬರುವಾಗ ಕೀಂ ಕೀಂ ಅನ್ನುವಂಥದ್ದು.
ಒಂದು ದೀಪ ಹಾಕಿಸಿ, ಎಂದು ಕೇಳಿದಳು,
ಮಿನುಗುವುದು, ಕಿತ್ತಳೆ ಬಣ್ಣದ್ದು, ಅಂಗೈಯಗಲ.
ಮೂರು ಚೀಟಿ ಬರೆದಳು. ನಾಲ್ಕನೆಯದಕ್ಕೆ ಉತ್ತರ:
ನಿಮ್ಮ ಸುರಕ್ಷತೆಯ ದೃಷ್ಟಿಯಿಂದ ನಿಮ್ಮನ್ನು ಕೆಲಸದಿಂದ—

ಕಾಯ್ದೆಯಲ್ಲೊಂದು ಪದ ಇದೆ: ಸಮಂಜಸ.
ಸಮಂಜಸವಾದ ಹೊಂದಾಣಿಕೆ ಮಾಡತಕ್ಕದ್ದು, ಇಪ್ಪತ್ತನೇ ಸೆಕ್ಷನ್ನು.
ಬೆಳಗಿನಿಂದ ಎಷ್ಟು ಸಲ ಅದನ್ನು ಬೆರಳಲ್ಲಿ ಕಾಗುಣಿಸಿದೆನೋ.
ನಮ್ಮ ಸ್ವರಗಳೆಲ್ಲ ಎಡಗೈ ಬೆರಳ ತುದಿಗಳಲ್ಲಿವೆ.
ಇಂಗ್ಲಿಷಿನ ಆ ಪದಕ್ಕೆ ತೋರುಬೆರಳು, ಹೆಬ್ಬೆರಳು, ಉಂಗುರದ್ದು,
ಮತ್ತೆ ಹೆಬ್ಬೆರಳು, ಮತ್ತೆ ತೋರುಬೆರಳು.
ಹೋದ ದಾರಿಯಲ್ಲೇ ಬರಿಗೈಲಿ ಮರಳುವ ಪದ.

ಕಂಪನಿಯ ವಕೀಲ ನುಣ್ಣಗೆ ಹೇಳಿದ:
ಶ್ರೀಮತಿ ಹೋಲ್ರಾಯ್ಡ್ ಮೇಲೆ ನಮಗೆ ಕಾಳಜಿ.

ಆಗ ಆಕೆ ಶಾಲೆಯ ಮಾತು ತೆಗೆದಳು. ಯಾರೂ ಕೇಳಿರಲಿಲ್ಲ.
ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರಬೇಕಿತ್ತು, ಎಂದೆ ನಾನು.
ಕೈಕಟ್ಟು, ಬಾಯ್ಮುಚ್ಚು—
ಬೇರೆ ಮಕ್ಕಳಿಗೆ ಎರಡು ಆಜ್ಞೆ,
ನಮಗೆ ಒಂದೇ.

ವಕೀಲನತ್ತ ತಿರುಗಿದಳು. ಬೆರಳು ಚಾಟಿಯಾಯಿತು:
ಸುಳ್ಳು. ಕಾಳಜಿ ಅಲ್ಲ. ನಾನು ಕಣ್ಣಿಗೆ ಬೀಳಬಾರದಿತ್ತು ನಿಮಗೆ.

ನನ್ನ ಬಾಯಿ ಹೇಳಿತು:
ಕಂಪನಿಯ ವಿವರಣೆ ಪೂರ್ತಿ ಸರಿಯಿಲ್ಲವೇನೋ
ಎಂದು ನನ್ನ ಅನಿಸಿಕೆ.

ಹಳೆಯ ಚಟ. ನನ್ನಮ್ಮನಿಗೂ ಕಿವಿ ಕೇಳುತ್ತಿರಲಿಲ್ಲ.
ಏಳರ ಪ್ರಾಯದಿಂದ ಅವಳ ಸಿಟ್ಟಿಗೆ ಸಕ್ಕರೆ ಬೆರೆಸಿ
ಬ್ಯಾಂಕಿನವರಿಗೆ, ಕಟುಕನಿಗೆ, ಬಾಡಿಗೆಮನೆ ಮಾಲೀಕನಿಗೆ
ಬಡಿಸುತ್ತ ಬೆಳೆದೆ.
ಎಲ್ಲರೂ ಅಂದರು, ನಿಮ್ಮಮ್ಮ ಎಷ್ಟು ಸಾಧು.

ಬೆರಿಲ್‌ಳ ಬೆರಳು ನಿಂತವು.
ಆಕೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು.
ಮರೆತಿದ್ದೆ:
ಮೇಣದಬತ್ತಿ ಎದುರಿಗಿಟ್ಟು ಜ್ವಾಲೆ ಅಲುಗುವವರೆಗೂ
'ಪ' ಅನ್ನಿಸಿ, 'ಪ' ಅನ್ನಿಸಿ, ಹತ್ತು ವರ್ಷ
ಆ ಶಾಲೆ ಕೈ ಕಸಿದು ಕೊಟ್ಟ ವಿದ್ಯೆ ಒಂದಿತ್ತಲ್ಲ.
ನಾನು ಹೇಳಿದ್ದು ಅದಲ್ಲ,
ಎಂದು ಮೇಜಿನ ಮೇಲೆ ಎರಡೂ ಕೈ ಊರಿದಳು.

ಎದ್ದು ನಿಂತೆ. ಆ ದಿನ ನನ್ನದೇ ಆದ ಮಾತು ಇದೊಂದೇ:
ದುಭಾಷಿಯ ತಪ್ಪು. ದಾಖಲಿಸಿಕೊಳ್ಳಿ.
ಸಾಕ್ಷಿ ಹೇಳಿದ ಪದ 'ಸುಳ್ಳು'.

ನ್ಯಾಯಾಧೀಶೆ ಬರೆದುಕೊಂಡರು. ಪೆನ್ನಿನ ಮುಚ್ಚಳ ಹಾಕಿದರು.
ಆ ದೀಪದ ಬೆಲೆ ಎಷ್ಟು, ಎಂದರು.
ಮ್ಯಾನೇಜರು ಕಡತವನ್ನು ಮುಂದಿನಿಂದ ತಿರುವಿದ,
ಹಿಂದಿನಿಂದ ತಿರುವಿದ.
ಮೌನವನ್ನೂ ನಾವು ಅನುವಾದಿಸಬೇಕಾಗುತ್ತದೆ.
ಕೈ ಇಳಿಸಿ ಸುಮ್ಮನೆ ನಿಂತೆ.
ಆಕೆಗೆ ಸ್ಪಷ್ಟವಾಗಿ ಕೇಳಿಸಿತು.

ತೀರ್ಪು ಅಂಚೆಯಲ್ಲಿ, ಆರು ವಾರಕ್ಕೆ.
ಎದುರಿನ ಕೆಫೆಯಲ್ಲಿ ಚಹಾ ಕೊಡಿಸಿದವಳು ಬೆರಿಲ್.
ಗೆದ್ದರೇನು ಸೋತರೇನು ಎಂಬ ಮಾತೇ ಇಲ್ಲ.
ನನ್ನ ತಟ್ಟೆಯ ಅಂಚಿಗಿದ್ದ ಸಕ್ಕರೆ ಪೊಟ್ಟಣಗಳನ್ನು
ಒಂದೊಂದೇ ಎತ್ತಿ
ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.